ಮಳೆ ಬಂದು ಪ್ಯಾಕಪ್ ಆದ ದ್ವೀಪದಲ್ಲಿ ಮೂರು ದಿನ

ಹೊರಾಂಗಣ ಚಿತ್ರೀಕರಣಕ್ಕೆ ಹೋದ ಯೂನಿಟ್‌ಗೆ ಮಳೆಗಿಂತ ದೊಡ್ಡ ವಿಲನ್ ಇಲ್ಲ. ಗಾಂಧಿನಗರದಲ್ಲಿ ಯಾರನ್ನು ಕೇಳಿದರೂ ಇದೇ ಮಾತು. ಆದರೆ ಆ ವಿಲನ್ನೇ ನನ್ನ ಕೈ ಹಿಡಿದು ಒಂದು ಅರಮನೆಯೊಳಕ್ಕೆ ಕರಕೊಂಡು ಹೋದ ಕಥೆ ಇದು!

ಕಳೆದ ಆಗಸ್ಟ್‌ನಲ್ಲಿ ಒಂದು ಯುಗಳಗೀತೆಗೆಂದು ಹದಿನಾಲ್ಕು ಜನರ ನಮ್ಮ ಯೂನಿಟ್ ಇಂಗ್ಲೆಂಡಿನ ಐಲ್ ಆಫ್ ವೈಟ್ ದ್ವೀಪಕ್ಕೆ ಹೋಗಿತ್ತು. ಚಿತ್ರದ ಹೆಸರು ಈಗ ಬೇಡ, ನಿರ್ಮಾಪಕರು ಬೈತಾರೆ. ಪಿಯುಸಿ ಅರ್ಧಕ್ಕೆ ಬಿಟ್ಟು ಸಿನಿಮಾ ಸುದ್ದಿ ಬರೀತಾ ಅಲೆಯೋ ನನ್ನಂಥವನಿಗೆ ವಿಮಾನದ ಟಿಕೆಟ್ ಹೇಗೆ ಸಿಕ್ತು ಅಂತೀರಾ? ಬರೆಯೋದರ ಜತೆಗೆ ಕ್ಲ್ಯಾಪ್ ಹೊಡೆಯೋದಕ್ಕೂ ಪೆಟ್ಟಿಗೆ ಹೊರೋದಕ್ಕೂ ಒಪ್ಪಿಕೊಂಡಿದ್ದೆ.

ಮೊದಲೇ ಹೇಳಿಬಿಡ್ತೀನಿ. ಈ ‘ವೈಟ್’ ಅಂದರೆ ಬಿಳಿ ಅಲ್ಲ, ಸ್ಪೆಲ್ಲಿಂಗೇ ಬೇರೆ. ಆದರೂ ಕಡಲಂಚಿನ ಸುಣ್ಣಕಲ್ಲಿನ ಬಂಡೆಗಳು ಹಾಲಿನಂತೆ ಬೆಳ್ಳಗಿವೆ. ನಿರ್ದೇಶಕರು ಮನಸೋತಿದ್ದೇ ಅದಕ್ಕೆ. ದ್ವೀಪದ ವಿಸ್ತಾರ ಸುಮಾರು 380 ಚದರ ಕಿಲೋಮೀಟರ್, ಜನ 1 ಲಕ್ಷ 40 ಸಾವಿರದಷ್ಟು. ಸೇತುವೆ ಇಲ್ಲ. ನಾವು ಹೋದದ್ದು ಹೋವರ್‌ಕ್ರಾಫ್ಟ್‌ನಲ್ಲಿ. ಕೆಳಗೆ ಗಾಳಿ ತುಂಬಿದ ಲಂಗ, ಹಿಂದೆ ದೊಡ್ಡ ಫ್ಯಾನು. ನೀರಿನ ಮೇಲೆ ಹತ್ತು ನಿಮಿಷ ಜಾರಿಕೊಂಡು ಬಂದು ರೈಡ್ ಎಂಬ ಊರಿನ ದಂಡೆಯ ಮೇಲೇ ಕೂತುಬಿಡುತ್ತೆ! 1959ರಲ್ಲಿ ಈ ಜಾತಿಯ ಮೊದಲ ವಾಹನ ಹಾರಾಡಿದ್ದೂ ಇದೇ ದ್ವೀಪದ ಕೌಸ್‌ನಲ್ಲಿ.

ಇಳಿದದ್ದೇ ತಡ, ಮಳೆ. ನಮ್ಮ ಆಗುಂಬೆ ಮಳೆಯ ಹಾಗೆ ಸುರಿದು ಮುಗಿಸೋ ಮಳೆ ಅಲ್ಲ ಅದು. ಸಣ್ಣಗೆ, ತಣ್ಣಗೆ, ಅಡ್ಡಡ್ಡ. ಛಾಯಾಗ್ರಾಹಕರು ಆಕಾಶ ನೋಡಿ “ಪ್ಯಾಕಪ್” ಅಂದರು. ವಾಪಸ್ ಟಿಕೆಟ್ ಇದ್ದದ್ದು ನಾಲ್ಕನೇ ದಿನಕ್ಕೆ. ನಿರ್ಮಾಪಕರು ಈ ಒಂದು ಹಾಡಿಗಾಗಿ ಸೈಟ್ ಅಡ ಇಟ್ಟಿದ್ದು ಯೂನಿಟ್‌ಗೆಲ್ಲ ಗೊತ್ತು. ಅವರ ಮುಖ ನೋಡೋಕಾಗದೆ ನಾನು ಛತ್ರಿ ಹಿಡಿದು ಹೊರಟೆ. ಜತೆಗೆ ನಮ್ಮ ಕಾಸ್ಟ್ಯೂಮರ್. ವಿರಾಜಪೇಟೆ ಕಡೆಯವರು, ಅರವತ್ತು ದಾಟಿದವರು. ಯೂನಿಟ್‌ಗೆಲ್ಲ ಅವರು ‘ಮೇಷ್ಟ್ರು’. ನನ್ನನ್ನು ಕರೆಯೋದು ‘ಮರಿ’ ಅಂತ.

ಬಸ್ಸು, ಐಸ್‌ಕ್ರೀಮು, ಕತ್ತೆ

ಮೊದಲ ದಿನ ನುಗ್ಗಿದ್ದು ರೈಡ್‌ನ ಬಸ್ ಮ್ಯೂಸಿಯಮ್ಮಿಗೆ. ಹಳೇ ಡಿಪೋದಲ್ಲಿ ಹಳೇ ಬಸ್‌ಗಳು, ಡಬಲ್ ಡೆಕ್ಕರ್‌ಗಳು ಮದುವಣಗಿತ್ತಿಯರ ಹಾಗೆ ಮಿಂಚುತ್ತಾ ನಿಂತಿವೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಈ ಪತ್ರಿಕೆ ಓದುತ್ತಿರುವ ನೀವು ನೆನಪಾದಿರಿ, ಸುಳ್ಳಲ್ಲ. ಅಲ್ಲಿನ ರೈಲಿನ ಕಥೆ ಇನ್ನೂ ಮಜಾ. ರೈಡ್‌ನ ಸುರಂಗದ ಚಾವಣಿ ತಗ್ಗು, ಮಾಮೂಲಿ ರೈಲು ಹಿಡಿಸೋಲ್ಲ. ಅದಕ್ಕೆ ಲಂಡನ್ನಿನ ಭೂಗತ ರೈಲಿನ ನಿವೃತ್ತ ಬೋಗಿಗಳನ್ನು ತಂದು ಓಡಿಸ್ತಾರೆ. 1938ರ ಮಾದರಿಯ ಬೋಗಿಗಳು 2021ರ ಜನವರಿವರೆಗೂ ದುಡಿದವು. ಈಗಿರೋದೂ ಲಂಡನ್ನಿನ ಹಳೇ ಬೋಗಿಗಳೇ, ಒಳಗಿನ ಯಂತ್ರ ಮಾತ್ರ ಹೊಸದು.

ಸಿನಿಮಾ ಹುಚ್ಚರು ಗಮನಿಸಬೇಕಾದ್ದು ಇನ್ನೊಂದಿದೆ. 1954ರಲ್ಲಿ ಇದೇ ರೈಡ್‌ನಲ್ಲಿ, ಐಸ್‌ಕ್ರೀಮ್ ಮಾಡಿ ಮಾರುತ್ತಿದ್ದ ಮನೆಯಲ್ಲಿ ಒಬ್ಬ ಹುಡುಗ ಹುಟ್ಟಿದ. ಆಂಟನಿ ಮಿಂಗೆಲ್ಲಾ! 1996ರಲ್ಲಿ ಅವನು ನಿರ್ದೇಶಿಸಿದ ‘ದಿ ಇಂಗ್ಲಿಷ್ ಪೇಷೆಂಟ್’ಗೆ ಒಂಬತ್ತು ಆಸ್ಕರ್. 2008ರಲ್ಲಿ ತೀರಿಕೊಂಡ. ದ್ವೀಪದ ಮಧ್ಯದ ನ್ಯೂಪೋರ್ಟ್ ಊರಿನ ಕಲಾಕೇಂದ್ರದಲ್ಲಿ ಅವನ ಹೆಸರಿನ ರಂಗಮಂದಿರ ಇದೆ. ಐಸ್‌ಕ್ರೀಮ್ ಅಂಗಡಿಯ ಹುಡುಗನಿಗೆ ಆಸ್ಕರ್ ಬರೋದಾದರೆ ನಮ್ಮ ಹುಡುಗರಿಗೇನು ಕಮ್ಮಿ ಹೇಳಿ?

ಸಂಜೆ ಕ್ಯಾರಿಸ್‌ಬ್ರೂಕ್ ಕೋಟೆ. ಬಾವಿಮನೆಯೊಳಗೆ ಆಳೆತ್ತರ ಮೀರಿದ ಮರದ ಚಕ್ರ, ಅದರೊಳಗೆ ಕತ್ತೆ. ಕತ್ತೆ ನಡೆದರೆ ಚಕ್ರ ತಿರುಗುತ್ತೆ, ಹಗ್ಗ ಸುತ್ತುತ್ತೆ, ಸುಮಾರು 49 ಮೀಟರ್ ಆಳದಿಂದ ಕೊಡ ಮೇಲೆ ಬರುತ್ತೆ. “ನಮ್ಮ ಅಸಿಸ್ಟೆಂಟ್ ಡೈರೆಕ್ಟರ್ ಥರಾನೇ, ಎಷ್ಟು ನಡೆದರೂ ಇದ್ದಲ್ಲೇ ಇದೆ ಪಾಪ” ಅಂದರು ಮೇಷ್ಟ್ರು. ದೊರೆ ಒಂದನೇ ಚಾರ್ಲ್ಸ್ ಇದೇ ಕೋಟೆಯಲ್ಲಿ ಸೆರೆಯಲ್ಲಿದ್ದ. 1648ರಲ್ಲಿ ಕಿಟಕಿಯಿಂದ ಪರಾರಿಯಾಗೋಕೆ ಹೋಗಿ ಸರಳುಗಳ ನಡುವೆ ಸಿಕ್ಕಿಹಾಕಿಕೊಂಡ! ಮರುವರ್ಷ ಲಂಡನ್ನಿನಲ್ಲಿ ಅವನ ತಲೆ ಹೋಯಿತು. ಕಾಮಿಡಿ ಸೀನು ಟ್ರಾಜಿಡಿ ಆಗೋದು ಹೀಗೆ.

ರಾಣಿಯ ಮನೆಯಲ್ಲಿ ನಮ್ಮ ಹುಡುಗಿ

ಎರಡನೇ ದಿನವೂ ಅದೇ ಮಳೆ. ಈಸ್ಟ್ ಕೌಸ್‌ನ ಆಸ್ಬರ್ನ್ ಹೌಸ್‌ಗೆ ಬಸ್ ಹತ್ತಿದೆವು. ವಿಕ್ಟೋರಿಯಾ ರಾಣಿಯ ಕಡಲತೀರದ ಬಂಗಲೆ ಅದು. 1901ರ ಜನವರಿ 22ರಂದು ಆಕೆ ಕಣ್ಣುಮುಚ್ಚಿದ್ದೂ ಅಲ್ಲೇ. ‘ಮಿಸೆಸ್ ಬ್ರೌನ್’ (1997), ‘ವಿಕ್ಟೋರಿಯಾ ಅಂಡ್ ಅಬ್ದುಲ್’ (2017) ಎರಡಕ್ಕೂ ಇಲ್ಲಿ ಚಿತ್ರೀಕರಣ ಆಗಿದೆ. ಎರಡರಲ್ಲೂ ರಾಣಿ ಜೂಡಿ ಡೆಂಚ್. ಎರಡನೆಯದರಲ್ಲಿ, ರಾಣಿಗೆ ಹಿಂದೂಸ್ತಾನಿ ಕಲಿಸಿದ ಆಗ್ರಾದ ಅಬ್ದುಲ್ ಕರೀಮ್ ಆಗಿ ನಮ್ಮ ಅಲಿ ಫಜಲ್.

ಒಳಗೆ ದರ್ಬಾರ್ ಕೋಣೆ. ಗೋಡೆ, ಚಾವಣಿ ತುಂಬ ಬಿಳಿ ಗಾರೆಯ ಕುಸುರಿ, ಬೆಂಕಿಗೂಡಿನ ಮೇಲೆ ಗರಿಬಿಚ್ಚಿದ ನವಿಲು. 1890ರ ಸುಮಾರಿನಲ್ಲಿ ಅದನ್ನು ರೂಪಿಸಿದವರು ಲಾಹೋರಿನಿಂದ ಬಂದ ಭಾಯಿ ರಾಮ್ ಸಿಂಗ್. ಪಕ್ಕದ ಕಾರಿಡಾರ್‌ನಲ್ಲಿ ಸಾಲಾಗಿ ಭಾರತೀಯರ ಮುಖಗಳು. ಸಿಪಾಯಿ, ನೇಕಾರ, ಆಗ್ರಾದ ಮುದಿ ಕುಂಬಾರ ಬಕ್ಷಿರಾಮ್. ರಾಣಿ ಬರೆಸಿದ ಚಿತ್ರಗಳಂತೆ. ಇಂಡಿಯಾಕ್ಕೆ ಒಮ್ಮೆಯೂ ಬರದ ರಾಣಿ ಇಂಡಿಯಾವನ್ನು ಗೋಡೆಗೆ ತೂಗುಹಾಕಿಕೊಂಡಿದ್ದಳು.

ಮೇಷ್ಟ್ರು ಒಂದು ಕಡೆ ನಿಂತುಬಿಟ್ಟರು. “ಮರಿ, ಇಲ್ಲಿ ಬಾ. ಏನು ಬರೆದಿದೆ ಓದು.”

ಓದಿದೆ. ಕೊಡಗಿನ ರಾಜಕುಮಾರಿ ಗೌರಮ್ಮ.

ಪಿಯುಸಿಯಲ್ಲಿ ನನ್ನನ್ನು ಕೆಡವಿದ್ದೇ ಇತಿಹಾಸದ ಪೇಪರು. ಆದರೆ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಓದಿಕೊಂಡಿದ್ದೆ. ಆ ಕೊನೆಯ ದೊರೆಯ ಮಗಳು ಈಕೆ! 1834ರಲ್ಲಿ ಕೊಡಗು ಬ್ರಿಟಿಷರ ಪಾಲಾಯಿತು. ರಾಜನನ್ನು ಕಾಶಿಗೆ ಕಳಿಸಿದರು. ಗೌರಮ್ಮ ಹುಟ್ಟಿದ್ದು ಅಲ್ಲೇ, 1841ರಲ್ಲಿ. 1852ರಲ್ಲಿ ಅಪ್ಪ ಅವಳನ್ನು ಕರಕೊಂಡು ಇಂಗ್ಲೆಂಡಿಗೆ ಬಂದು ರಾಣಿಯ ಆಶ್ರಯಕ್ಕೆ ಒಪ್ಪಿಸಿದ. ಹನ್ನೊಂದು ವರ್ಷದ ಮಗುವಿಗೆ ಕ್ರೈಸ್ತ ದೀಕ್ಷೆ ಆಯಿತು. ರಾಣಿಯೇ ಧರ್ಮಮಾತೆ, ಹೆಸರಿಗೆ ‘ವಿಕ್ಟೋರಿಯಾ’ ಸೇರಿತು. ಅದೇ ವರ್ಷ ಆಸ್ಥಾನದ ಕಲಾವಿದ ವಿಂಟರ್‌ಹಾಲ್ಟರ್ ಅವಳ ಚಿತ್ರ ಬರೆದ. ಮಾರೊಚೆಟ್ಟಿ ಎಂಬ ಶಿಲ್ಪಿ ಬಣ್ಣ ಲೇಪಿಸಿದ ಅಮೃತಶಿಲೆಯಲ್ಲಿ ಅವಳ ಮುಖ ಕಡೆದ.

ಪಂಜಾಬಿನ ಪದಚ್ಯುತ ರಾಜ ದುಲೀಪ್ ಸಿಂಗ್‌ಗೆ ಅವಳನ್ನು ಕೊಡಬೇಕೆಂದು ರಾಣಿಯ ಆಸೆ. ಅವನು ಒಪ್ಪಲಿಲ್ಲ. 1860ರಲ್ಲಿ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಪ್‌ಬೆಲ್ ಜತೆ ಮದುವೆ, ಒಂದು ಹೆಣ್ಣುಮಗು. 1864ರಲ್ಲಿ, ಇಪ್ಪತ್ತಮೂರು ತುಂಬುವ ಹೊತ್ತಿಗೆ, ಕ್ಷಯದಿಂದ ಸತ್ತಳು. ಮಣ್ಣಾದದ್ದು ಲಂಡನ್ನಿನಲ್ಲಿ.

ನಾನು ಹೇಳುತ್ತಾ ಹೋದೆ, ಮೇಷ್ಟ್ರು ಕೇಳುತ್ತಾ ಹೋದರು. “ಹಾಗಾದ್ರೆ ಕೊಡಗನ್ನ ಅವಳು ನೋಡ್ಲೇ ಇಲ್ವಾ?”

“ಇಲ್ಲ ಮೇಷ್ಟ್ರೇ.”

ನಲವತ್ತು ವರ್ಷ ನಾಯಕಿಯರಿಗೆ ಸೀರೆ ಹೊಂದಿಸಿದ ಕಣ್ಣು ಅವರದು. ಚಿತ್ರದ ಉಡುಗೆ, ಒಡವೆ ಎಲ್ಲವನ್ನೂ ನೋಡಿದರು. ಆಮೇಲೆ ಮೆಲ್ಲಗೆ, “ಮಗೂಗೆ ಭಾರ ಆಗಿರ್ಬೇಕು” ಅಂದರು. ಹೊರಡುವಾಗ ತಲೆಯ ಮೇಲಿನ ಟೋಪಿ ತೆಗೆದು, “ಹೋಗಿ ಬರ್ತೀವಿ ತಾಯಿ” ಅಂತ ಕನ್ನಡದಲ್ಲೇ ಹೇಳಿದರು. ಪಕ್ಕದಲ್ಲಿದ್ದ ಇಂಗ್ಲಿಷ್ ಮುದುಕಿ ನಮಗೇ ಹೇಳಿದರೇನೋ ಎಂದು ನಕ್ಕಳು. ನನಗೆ ನಗು ಬರಲಿಲ್ಲ.

ರಾತ್ರಿ ಊಟದಲ್ಲಿ ಈ ಕಥೆಯನ್ನು ನಿರ್ದೇಶಕರಿಗೆ ಹೇಳಿದೆ. ಸಿನಿಮಾ ಆಗುತ್ತೆ ಸಾರ್ ಅಂದೆ. ತಟ್ಟೆ ಪಕ್ಕಕ್ಕಿಟ್ಟು ಪೂರ್ತಿ ಕೇಳಿದರು. “ಚೆನ್ನಾಗಿದೆ ಕಣೋ. ಆದ್ರೆ ಹೀರೋ ಎಲ್ಲಿ?” ಅಂದರು. ನನ್ನಲ್ಲಿ ಉತ್ತರ ಇರಲಿಲ್ಲ.

ಕೋಳಿಗೂಡಿನ ಸ್ಟುಡಿಯೋ

ಮೂರನೇ ದಿನ, ಕೊನೇ ದಿನ. ಪೆಟ್ಟಿಗೆಗಳ ಸಮೇತ ಫ್ರೆಶ್‌ವಾಟರ್ ಕೊಲ್ಲಿಗೆ ಹೋದೆವು. ಮಳೆ! ಇಡೀ ಯೂನಿಟ್ ಹತ್ತಿರದ ಡಿಂಬೋಲಾ ಎಂಬ ಮನೆ ಹೊಕ್ಕಿತು. ಕಲ್ಕತ್ತದಲ್ಲಿ 1815ರಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಇದ್ದ ಮನೆ. 48ನೇ ವಯಸ್ಸಿನಲ್ಲಿ ಮಗಳು ಕೊಟ್ಟ ಕ್ಯಾಮರಾ ಹಿಡಿದಳು. ಇದ್ದಲು ಕೋಣೆಯೇ ಡಾರ್ಕ್‌ರೂಮ್, ಕೋಳಿಗೂಡೇ ಸ್ಟುಡಿಯೋ! ಫೋಕಸ್ ಸರಿಯಿಲ್ಲ ಎಂದು ಆಗಿನವರು ಆಡಿಕೊಂಡ ಚಿತ್ರಗಳನ್ನು ಇಂದು ಜಗತ್ತು ಬಂದು ನೋಡುತ್ತೆ. ನಮ್ಮ ಛಾಯಾಗ್ರಾಹಕರು ಒಂದೊಂದರ ಮುಂದೂ ನಿಂತರು. ಹೊರಗೆ ತೋಟದಲ್ಲಿ ಗಿಟಾರ್ ಹಿಡಿದ ಜಿಮಿ ಹೆಂಡ್ರಿಕ್ಸ್ ಪ್ರತಿಮೆ. 1970ರ ಆಗಸ್ಟ್‌ನಲ್ಲಿ ಇಲ್ಲೇ ಸಮೀಪ ಲಕ್ಷಗಟ್ಟಲೆ ಜನರ ಮುಂದೆ ನುಡಿಸಿದವನು ಮೂರು ವಾರ ತುಂಬುವ ಮೊದಲೇ ಸತ್ತ.

ಮಧ್ಯಾಹ್ನ ಮೂರಕ್ಕೆ ಮೋಡ ಹರಿಯಿತು. ಒಂದೂವರೆ ಗಂಟೆ ಬಿಸಿಲು. ಓಡಿದೆವು ನೋಡಿ! ಪ್ರೊಡಕ್ಷನ್ ಮ್ಯಾನೇಜರ್ ಕೂಡ ರಿಫ್ಲೆಕ್ಟರ್ ಹಿಡಿದರು. ಪಲ್ಲವಿ, ಒಂದು ಚರಣ ಮುಗಿದವು. ಇನ್ನೊಂದು ಚರಣ ಬೆಂಗಳೂರಿನ ಸ್ಟುಡಿಯೋದಲ್ಲಂತೆ. ನಿರ್ಮಾಪಕರು ಏನೂ ಅನ್ನಲಿಲ್ಲ, ಮೇಷ್ಟ್ರ ಹೆಗಲ ಮೇಲೆ ಕೈಯಿಟ್ಟು ನಿಂತಿದ್ದರು.

ಹಾಡು ತೆರೆಗೆ ಬಂದಾಗ ನೋಡಿ. ಬೆಳ್ಳನೆ ಬಂಡೆ, ನೀಲಿ ಕಡಲು, ನಗುವ ನಾಯಕಿ. ಮಳೆಯ ಒಂದು ಹನಿಯೂ ಕಾಣೋಲ್ಲ. ಗೌರಮ್ಮನೂ ಅದರಲ್ಲಿಲ್ಲ. ಅದಕ್ಕೇ ಇಲ್ಲಿ ಬರೆದೆ.