ಟೈಗರನ ಹೊಟ್ಟೆ

ನಮ್ಮ ಕಡೆ ನಾಯಿಯ ಆರೋಗ್ಯಕ್ಕೆ ಇರುವುದು ಒಂದೇ ಪರೀಕ್ಷೆ: ಹಾಕಿದ್ದನ್ನು ಉಂಡಿತೋ ಇಲ್ಲವೋ. ಉಂಡರೆ ಸರಿಯಾಗಿದೆ. ತಟ್ಟೆಗೆ ಬೆನ್ನು ಮಾಡಿ ಮಲಗಿದರೆ ಏನೋ ಆಗಿದೆ. ಥರ್ಮಾಮೀಟರು, ರಕ್ತಪರೀಕ್ಷೆ ಎಲ್ಲ ಮೈಸೂರಿನ ನಾಯಿಗಳಿಗೆ. ಮನುಷ್ಯರಿಗೂ ಇದೇ ಲೆಕ್ಕ. ಆಸ್ಪತ್ರೆಯಿಂದ ಮನೆಗೆ ಬಂದವರನ್ನು ನೋಡಲು ಹೋದವರು ಬಿಪಿ ಎಷ್ಟು, ಶುಗರ್ ಎಷ್ಟು ಎಂದು ಕೇಳುವುದಿಲ್ಲ. 'ಉಣ್ತಾವ್ರಾ?' ಅಂತಾರೆ. ಒಂದು ಮುದ್ದೆ ಪೂರ್ತಿ ಇಳಿದಿದೆ ಎಂದು ಗೊತ್ತಾದರೆ ಸಾಕು, ಕಾಫಿ ಕುಡಿದು ನೆಮ್ಮದಿಯಾಗಿ ಎದ್ದು ಹೊರಡುತ್ತಾರೆ. ಅಜ್ಜಿ ಮುತ್ತಜ್ಜಿಯರ ಕಾಲದಿಂದ ನಂಬಿಕೊಂಡು ಬಂದ ಈ ಪರೀಕ್ಷೆಯನ್ನು ನಮ್ಮ ಮನೆಯಲ್ಲಿ ಸುಳ್ಳು ಮಾಡಿದ್ದು ಒಂದು ಪುಟ್ಟ ಬಿಳಿ ಮಾತ್ರೆ.

ಕ್ಯಾತನಹಳ್ಳಿ ಎಂದರೆ ಹೊರಗಿನವರಿಗೆ ರೈತಸಂಘದ ಕೆ.ಎಸ್. ಪುಟ್ಟಣ್ಣಯ್ಯನವರ ಊರು. ಇಲ್ಲೇ ಇರುವ ನಮಗೆ ಅದು ಕಬ್ಬಿನ ಊರು, ಕಬ್ಬು ಆಳೆತ್ತರ ಬಂದಮೇಲೆ ಚಿರತೆಯ ಊರು. ಕಟಾವಿಗೆ ಇಳಿದ ಆಳುಗಳು ಗದ್ದೆಯೊಳಗೆ ಚಿರತೆ ಮರಿ ಕಂಡು ಕುಡುಗೋಲು ಬಿಸಾಕಿ ಓಡಿಬಂದ ಸುದ್ದಿ ಪಾಂಡವಪುರದ ಸೀಮೆಗೆ ಹೊಸದೇನಲ್ಲ. ಹಾಗಾಗಿ ತೋಟದ ಮನೆಯಲ್ಲಿ ನಾಯಿ ಇರಲೇಬೇಕು. ನಮ್ಮ ನಾಯಿಗೆ ಟೈಗರ್ ಎಂದು ಹೆಸರಿಟ್ಟವನು ನನ್ನ ತಮ್ಮ. ಚಿರತೆಯ ಸದ್ದಾದರೆ ಟೈಗರ್ ಸೀದಾ ಮಂಚದ ಕೆಳಗೆ ಹೋಗಿ ಸೇರುತ್ತಾನೆ. ಆದರೆ ಅಲ್ಲಿಂದಲೇ ಊರಿಗೆಲ್ಲ ಕೇಳುವ ಹಾಗೆ ಬೊಗಳುತ್ತಾನೆ. ನಮಗೆ ಬೇಕಾಗಿದ್ದದ್ದೂ ಅಷ್ಟೇ.

ಮಳೆ ಹಿಡಿದಾಗ ಟೈಗರನಿಗೆ ತುರಿಕೆ ಶುರುವಾಯಿತು. ಮೈಮೇಲೆ ಉಣ್ಣೆಯೂ ಇತ್ತು, ಚಿಗಟವೂ ಇತ್ತು. ಬಾಲದ ಬುಡವನ್ನು ಕಚ್ಚಿ ಕಚ್ಚಿ ಕೆಂಪು ಮಾಡಿಕೊಂಡ. ರಾತ್ರಿಯೆಲ್ಲ ಪರಪರ ಕೆರೆಯುವ ಸದ್ದಿಗೆ ಮನೆಯವರಿಗೆ ನಿದ್ದೆ ಇಲ್ಲ. ಪಶುವೈದ್ಯರು ನೋಡಿ, ಚಿಗಟದ ಕಡಿತಕ್ಕೆ ಆದ ಅಲರ್ಜಿ ಎಂದರು. ಚಿಗಟಕ್ಕೆ ಒಂದು ಔಷಧ, ತುರಿಕೆಗೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡು ಮಾತ್ರೆ ಬರೆದುಕೊಟ್ಟರು. ಕೆಲವೇ ದಿನ ಕೊಡಿ, ಇಳಿಸುತ್ತಾ ಬಂದು ನಿಲ್ಲಿಸಿ ಎಂದು ಚೀಟಿಯಲ್ಲೇ ಇತ್ತು.

ಈ ಮಾತ್ರೆ ಬಲು ಕಹಿ. ಅನ್ನದಲ್ಲಿ ಕಲಸಿಟ್ಟರೆ ಟೈಗರ್ ಅನ್ನವನ್ನೆಲ್ಲ ಉಂಡು ಮಾತ್ರೆಯನ್ನು ನೆಕ್ಕಿ ತೊಳೆದು ತಟ್ಟೆಯ ಅಂಚಿಗೆ ಇಡುತ್ತಿದ್ದ. ದಾರಿ ತೋರಿಸಿದ್ದು ಅವ್ವ. ಬಿಸಿ ಮುದ್ದೆಯಲ್ಲಿ ಒಂದು ತುತ್ತು ಮುರಿದು, ನಡುವೆ ಮಾತ್ರೆ ಹುದುಗಿಸಿ, ಸಾರಿನಲ್ಲಿ ಅದ್ದಿ ಎಸೆದಳು. ಮಂಡ್ಯ ಸೀಮೆಯಲ್ಲಿ ಹುಟ್ಟಿದ ನಾಯಿಗೆ ಮುದ್ದೆಯನ್ನು ಅಗಿಯಬಾರದು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಗುಳುಂ ಎಂದು ನುಂಗಿದ. ಅಂದು ರಾತ್ರಿ ಕೆರೆತ ನಿಂತಿತು. ಬೆಳಿಗ್ಗೆ ಎದ್ದವನು ತಟ್ಟೆ ಬಳಿದು, ಬೆಕ್ಕಿನ ತಟ್ಟೆಯನ್ನೂ ಬಳಿದು, ಒಲೆಯ ಹತ್ತಿರ ಬಂದು ನಿಂತ.

ಅಲ್ಲಿಂದ ಅವನ ಊಟ ಏರುತ್ತಲೇ ಹೋಯಿತು. 'ನೋಡಣ್ಣ, ಎಂಗ್ ಉಣ್ತಾ ಅವ್ನೆ' ಎಂದು ತಮ್ಮ ಹಿಗ್ಗಿದ. 'ಯಾರ್ ಮುಂದೂ ಅನ್ಬ್ಯಾಡ ಕಣ್ಲಾ, ದೃಷ್ಟಿ ಆಯ್ತದೆ' ಎಂದು ಅವ್ವ ಉಪ್ಪು ಮೆಣಸಿನಕಾಯಿ ನೀವಳಿಸಿ ಒಲೆಗೆ ಹಾಕಿದಳು. ಮಾತ್ರೆ ಮುಗಿದಾಗ ತುರಿಕೆ ಒಂಚೂರು ತಲೆ ಎತ್ತಿತು. ಇಷ್ಟು ಒಳ್ಳೆಯ ಮಾತ್ರೆ ನಿಲ್ಲಿಸುವುದು ಯಾಕೆ ಎಂದು ತಮ್ಮ ಹಳೆಯ ಚೀಟಿ ಹಿಡಿದು ಪೇಟೆಯ ಒಂದು ಮೆಡಿಕಲ್ ಸ್ಟೋರಿಗೆ ಹೋದ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಶೆಡ್ಯೂಲ್ ಎಚ್ ಔಷಧ ಇದು. ಆದರೆ ಚೀಟಿ ಎಂದಿನದು, ಎಷ್ಟು ಸಲ ಕೊಟ್ಟಾಗಿದೆ ಎಂದು ಅಲ್ಲಿ ಯಾರೂ ಕೇಳಲಿಲ್ಲ. ಮಾತ್ರೆಯೂ ಅಗ್ಗ. ತಿಂಗಳುಗಳು ಹೀಗೇ ಉರುಳಿದವು.

ಮೊದಲು ಕಣ್ಣಿಗೆ ಬಿದ್ದದ್ದು ನೀರು. ಇಪ್ಪತ್ತು ಕೆ.ಜಿ. ತೂಗುವ ನಾಯಿ ದಿನಕ್ಕೆ ಒಂದು ಲೀಟರ್ ಆಸುಪಾಸು ಕುಡಿಯುತ್ತದೆ. ಎರಡು ಲೀಟರ್ ದಾಟಿದರೆ ಏನೋ ಹೆಚ್ಚುಕಡಿಮೆ ಆಗಿದೆ ಎಂದೇ ಪಶುವೈದ್ಯರ ಲೆಕ್ಕ. ನಮ್ಮ ಟೈಗರ್ ತನ್ನ ಬಟ್ಟಲು ಮುಗಿಸಿ ಹಸುವಿನ ಕಲಗಚ್ಚಿನ ಬಾನಿಗೆ ಬಾಯಿ ಹಾಕಿದ. ಮರಿಯಾಗಿದ್ದಾಗಿನಿಂದ ಹೊಸಿಲೊಳಗೆ ಒಂದು ಹನಿ ಹೊಯ್ಯದವನು ನಡುಮನೆಯಲ್ಲೇ ಒದ್ದೆ ಮಾಡಿ, ಅವ್ವ ಪೊರಕೆ ಎತ್ತುವ ಮೊದಲೇ ತಲೆ ತಗ್ಗಿಸಿ ಮೂಲೆಗೆ ಹೋದ. ಪಾಪ, ಅದು ಅವನ ಕೈಯಲ್ಲಿರಲಿಲ್ಲ. ನೀರು ಉಳಿಸಿಕೋ ಎಂದು ಮೂತ್ರಪಿಂಡಕ್ಕೆ ಹೇಳುವ ಹಾರ್ಮೋನಿನ ಮಾತು ನಡೆಯದಂತೆ ಸ್ಟೀರಾಯ್ಡು ಅಡ್ಡಿ ಮಾಡುತ್ತದೆ. ಉಳಿಯಬೇಕಾದ ನೀರು ಹೊರಟುಹೋಗುತ್ತದೆ, ಹೋದದ್ದನ್ನು ತುಂಬಿಕೊಳ್ಳಲು ಬಾಯಾರುತ್ತದೆ. ಹಗಲು ರಾತ್ರಿ ನಾಲಿಗೆ ಹೊರಹಾಕಿ ಏದುಸಿರು ಬಿಡುವುದೂ ಶುರುವಾಯಿತು, ಮಳೆ ಸುರಿಯುವ ತಂಪಿನಲ್ಲೂ.

ಕುತೂಹಲ ತಡೆಯದೆ ನಾನು ಈ ಮಾತ್ರೆಯ ಪೂರ್ವೋತ್ತರ ಓದತೊಡಗಿದೆ. ಅಲ್ಲಿಯೂ ಮೊದಲಿಗೆ ಸಿಕ್ಕಿದ್ದು ಊಟ ಬಿಟ್ಟವರ ಕಥೆ. 1855ರಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯ ವೈದ್ಯ ಥಾಮಸ್ ಅಡಿಸನ್, ಊಟ ಸೇರದೆ ಸೊರಗಿ ಚರ್ಮ ಕಪ್ಪಾಗಿ ಸತ್ತವರ ವಿವರ ಬರೆದ. ಅವರೆಲ್ಲರ ಮೂತ್ರಪಿಂಡದ ನೆತ್ತಿಯ ಮೇಲೆ ಕೂತ ಅಡ್ರಿನಲ್ ಗ್ರಂಥಿ ಕೆಟ್ಟಿತ್ತು. ಮರುವರ್ಷವೇ ಬ್ರೌನ್-ಸೆಕಾರ್ ಎಂಬಾತ ಪ್ರಾಣಿಗಳಲ್ಲಿ ಆ ಗ್ರಂಥಿಗಳನ್ನು ಕತ್ತರಿಸಿ ತೆಗೆದರೆ ಅವು ಬದುಕುವುದಿಲ್ಲ ಎಂದು ತೋರಿಸಿದ. 1930ರ ಸುಮಾರಿಗೆ ಅಮೆರಿಕದ ಸ್ವಿಂಗಲ್ ಮತ್ತು ಫಿಫ್ನರ್, ಗ್ರಂಥಿ ತೆಗೆದ ಬೆಕ್ಕು ನಾಯಿಗಳಿಗೆ ದನದ ಅಡ್ರಿನಲ್ಲಿನ ಸಾರ ಚುಚ್ಚಿ ಬದುಕಿಸಿಟ್ಟರು. ಆ ವಿದ್ವಾಂಸರೂ ನೋಡಿದ್ದು ನಮ್ಮವ್ವನ ಪರೀಕ್ಷೆಯನ್ನೇ: ಅನ್ನ ಬಿಟ್ಟು ಬಿದ್ದ ನಾಯಿ ಎದ್ದು ಉಂಡಿತೋ ಇಲ್ಲವೋ.

ಆ ಸಾರದಲ್ಲಿರುವುದು ಏನು ಎಂದು ಹುಡುಕಲು ಮೇಯೋ ಕ್ಲಿನಿಕ್ಕಿನ ಎಡ್ವರ್ಡ್ ಕೆಂಡಾಲ್ ಟನ್ನುಗಟ್ಟಲೆ ಗ್ರಂಥಿಗಳನ್ನು ಅರೆದ. ಅವನ ಸಹೋದ್ಯೋಗಿ ಫಿಲಿಪ್ ಹೆಂಚ್ 1948ರ ಸೆಪ್ಟೆಂಬರಿನಲ್ಲಿ, ಕೀಲುವಾತದಿಂದ ಹಾಸಿಗೆ ಹಿಡಿದಿದ್ದ 29 ವರ್ಷದ ಹೆಂಗಸಿಗೆ ಆ ಸಾರದೊಳಗಿನ ಹಾರ್ಮೋನಿನ ಚುಚ್ಚುಮದ್ದು ಕೊಟ್ಟ. ವಾರದೊಳಗೆ ಆಕೆ ಎದ್ದು ನಡೆದು ಪೇಟೆಗೆ ಹೋದಳು. ಇನ್ನೆರಡು ವರ್ಷಕ್ಕೆ, 1950ರಲ್ಲಿ, ಹೆಂಚ್, ಕೆಂಡಾಲ್ ಮತ್ತು ಸ್ವಿಟ್ಜರ್ಲೆಂಡಿನ ರೈಖ್‌ಸ್ಟೈನ್ ಮೂವರಿಗೂ ನೊಬೆಲ್ ಬಂತು. ಅಷ್ಟು ಹೊತ್ತಿಗೆ ರೋಗಿಗಳ ಮುಖ ಉಬ್ಬತೊಡಗಿತ್ತು. ಹಸಿವು ಹೆಚ್ಚಿ, ಉಲ್ಲಾಸ ಉಕ್ಕಿ, ಆಮೇಲೆ ಕೆಲವರ ಮನಸ್ಸೇ ಹದ ತಪ್ಪಿತ್ತು. ಔಷಧ ನಿಲ್ಲಿಸಿದರೆ ನೋವು ಹಿಂದಿನ ಹಾಗೇ ಬಂದು ಕೂರುತ್ತಿತ್ತು. ಇದು ರೋಗವನ್ನು ಅದುಮುತ್ತದೆ, ವಾಸಿ ಮಾಡುವುದಿಲ್ಲ ಎನ್ನುವುದು ಹೆಂಚ್ ತಂಡಕ್ಕೆ ಮೊದಲೇ ಗೊತ್ತಿತ್ತು. ಎದ್ದು ಓಡಾಡುವ ಹುಮ್ಮಸ್ಸಿನಲ್ಲಿದ್ದ ಲೋಕಕ್ಕೆ ಆ ಮಾತು ಬೇಕಿರಲಿಲ್ಲ.

ದನದ ಗ್ರಂಥಿ, ಇಲ್ಲವೇ ಈ ಔಷಧ ತಯಾರಿಸಲು ಬಳಸುತ್ತಿದ್ದ ದನದ ಪಿತ್ತರಸ ನೆಚ್ಚಿಕೊಂಡರೆ ಜಗತ್ತಿಗೆಲ್ಲ ಸಾಲುವಷ್ಟು ಔಷಧ ಆಗುವುದಿಲ್ಲ. ರಸೆಲ್ ಮಾರ್ಕರ್ ಎಂಬ ರಸಾಯನವಿಜ್ಞಾನಿ ಮೆಕ್ಸಿಕೋದ ಕಾಡುಗೆಣಸಿನಲ್ಲಿ ಸ್ಟೀರಾಯ್ಡಿಗೆ ಬೇಕಾದ ಮೂಲವಸ್ತುವನ್ನು ಕಂಡುಕೊಂಡ ಮೇಲೆ ದಾರಿ ಸಲೀಸಾಯಿತು. ನಾವು ಸಂಕ್ರಾಂತಿಗೆ ಅವರೆಕಾಯಿ ಜೊತೆ ಬೇಯಿಸುವ ಸಿಹಿಗೆಣಸಲ್ಲ, ಹೆಗ್ಗೆಣಸಿನ ಬಳಗದ ಬಳ್ಳಿ ಅದು. ಅದೇ ಬಳಗದ ಒಂದು ಮೆಕ್ಸಿಕನ್ ಬಳ್ಳಿಯನ್ನು ನಮ್ಮ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರೂ ಬೆಳೆಸಿ, 'ಅರ್ಕಾ ಉಪಕಾರ್' ಎಂಬ ತಳಿ ಬಿಡುಗಡೆ ಮಾಡಿದ್ದರು. 1955ರಲ್ಲಿ ಅಮೆರಿಕದ ಶೆರಿಂಗ್ ಕಂಪನಿ ಬ್ಯಾಕ್ಟೀರಿಯಾದ ಕೈಯಿಂದ ಕೆಲಸ ಮಾಡಿಸಿ ಪ್ರೆಡ್ನಿಸೋನ್, ಪ್ರೆಡ್ನಿಸೊಲೋನ್ ತಂದಿತು. ನಮ್ಮ ಮೈ ತಾನೇ ತಯಾರಿಸುವ ಕಾರ್ಟಿಸೋಲಿಗಿಂತ ಸುಮಾರು ನಾಲ್ಕು ಪಟ್ಟು ಬಲ ಇದಕ್ಕೆ. ಟೈಗರನ ತುತ್ತಿನಲ್ಲಿ ಕೂತದ್ದು ಇದೇ.

ಇತ್ತ ಟೈಗರ್ ದಪ್ಪಗಾಗಿದ್ದಾನೆ ಎಂದು ಊರೆಲ್ಲ ಹೊಗಳುತ್ತಿತ್ತು. ಹಾಲು ಹಾಕಲು ಡೇರಿಗೆ ಹೊರಟವರೊಬ್ಬರು ಬೇಲಿಯಾಚೆ ನಿಂತು ನೋಡಿ, 'ಇದ್ಯಾವಾಗ ಎಣ್ಣಾಯ್ತು ಕಣಣ್ಣೋ? ಬಸ್ರಿ ಇದ್ದಂಗದೆ' ಎಂದರು. ಎಲ್ಲರೂ ನಕ್ಕೆವು. ಆದರೆ ಆ ಗಂಡುನಾಯಿ ಕಟ್ಟೆ ಹತ್ತಲಾರದೆ ಮುಂಗಾಲು ಮೇಲಿಟ್ಟು ಸುಮ್ಮನೆ ನಿಂತಾಗ ತಮ್ಮನ ಮುಖ ಸಪ್ಪಗಾಯಿತು. ಚಿರತೆ ಬಂದರೆ ಮಂಚದವರೆಗಾದರೂ ಓಡಬೇಕಲ್ಲ! ಆವತ್ತೇ ಪಶು ಆಸ್ಪತ್ರೆಗೆ ಕರೆದುಕೊಂಡು ಹೋದೆವು.

ವೈದ್ಯರು ಮೇಜಿನ ಮೇಲೆ ಎತ್ತಿಸಿ, 'ದಪ್ಪ ಆಗಿಲ್ಲ ಯಜಮಾನ್ರೇ, ತೊಡೆ ಮುಟ್ಟಿ ನೋಡಿ' ಎಂದರು. ತೊಡೆಯಲ್ಲಿ ಮಾಂಸವೇ ಇಲ್ಲ, ಮೂಳೆ ಕೈಗೆ ಸಿಕ್ಕಿತು. ಬೆನ್ನುಮೂಳೆಯ ಏಣು ಎದ್ದಿತ್ತು. ಕೆಳಗೆ ಜೋತುಬಿದ್ದ ಹೊಟ್ಟೆಯ ಕೂದಲು ಉದುರಿ, ತೆಳ್ಳಗಾದ ಚರ್ಮದಡಿ ನೀಲಿ ನರಗಳು ಎಣಿಸುವಂತೆ ಕಾಣುತ್ತಿದ್ದವು. ಅಲ್ಲಲ್ಲಿ ಕಪ್ಪು ಚುಕ್ಕೆ, ವಾಸಿಯಾಗದ ಒಂದು ಹಳೆಯ ಗೀರು. ಸ್ಟೀರಾಯ್ಡು ಸ್ನಾಯುವನ್ನು ಕರಗಿಸಿ ಸಕ್ಕರೆ ಮಾಡುತ್ತದೆ, ಕೊಬ್ಬನ್ನು ಹೊಟ್ಟೆಗೆ ಸರಿಸುತ್ತದೆ, ಯಕೃತ್ತನ್ನು ಊದಿಸುತ್ತದೆ. ಹಿಡಿದುಕೊಳ್ಳುವ ಸ್ನಾಯು ಸೋತ ಮೇಲೆ ಹೊಟ್ಟೆ ಜೋಲುತ್ತದೆ. ಹೊಟ್ಟೆ ಗುಂಡು, ಕೈಕಾಲು ಕಡ್ಡಿ ಎನ್ನುವ ಈ ಆಕಾರವನ್ನು ಮನುಷ್ಯರಲ್ಲಿ ಗುರುತಿಸಿ 1932ರಲ್ಲಿ ವಿವರವಾಗಿ ಬರೆದವನು ಹಾರ್ವಿ ಕುಶಿಂಗ್ ಎಂಬ ವೈದ್ಯ. ಅವನ ರೋಗಿಗಳ ಮೈಯೇ ಆ ಹಾರ್ಮೋನನ್ನು ಅತಿಯಾಗಿ ಸುರಿಸುತ್ತಿತ್ತು. ಟೈಗರನ ಮೈಗೆ ಅದು ಮುದ್ದೆಯಲ್ಲಿ ಹೋಗಿತ್ತು.

ಹೆದರಿದ ತಮ್ಮ, 'ಇವತ್ನಿಂದ್ಲೇ ನಿಲ್ಲಿಸ್ಬುಡ್ತೀನಿ ಸಾ' ಎಂದ. ವೈದ್ಯರು ಅವನ ಕೈ ಹಿಡಿದು ಬೇಡ ಎಂದರು. ಅವರು ಹೇಳಿದ್ದು ನಾಲೆ ಬಯಲಿನವರಿಗೆ ತಟ್ಟನೆ ಅರ್ಥವಾಗುವ ಸಂಗತಿ: ತಿಂಗಳುಗಟ್ಟಲೆ ಹೊರಗಿಂದ ನೀರು ಹರಿದು ಬರುತ್ತಿದ್ದರೆ ನೀರುಗಂಟಿ ತೂಬಿನ ಕಡೆ ತಲೆಯೇ ಹಾಕುವುದಿಲ್ಲ. ಹೊರಗಿನ ನೀರು ಒಮ್ಮೆಗೇ ನಿಂತರೆ ಗದ್ದೆ ಒಣಗುತ್ತದೆ, ಅವನನ್ನು ಎಬ್ಬಿಸಿ ಕರೆತರಲು ಹೊತ್ತು ಬೇಕು. ಅಡ್ರಿನಲ್ ಗ್ರಂಥಿಯೂ ಹಾಗೆ ಮಲಗಿರುತ್ತದೆ. ಮಾತ್ರೆಯನ್ನು ತಟಕ್ಕನೆ ನಿಲ್ಲಿಸಿದರೆ ನಾಯಿ ವಾಂತಿ ಮಾಡಿ, ಊಟ ಬಿಟ್ಟು, ಕುಸಿದುಬೀಳಬಹುದು, ಪ್ರಾಣಕ್ಕೇ ಬರಬಹುದು. ಅಡಿಸನ್ ಬರೆದಿಟ್ಟ ಕಾಯಿಲೆಯನ್ನು ನಾವೇ ಕೈಯಾರೆ ಮಾಡಿದಂತಾಗುತ್ತದೆ. ಆದ್ದರಿಂದ ವಾರ ವಾರ ಇಳಿಸಿ, ಆಮೇಲೆ ದಿನ ಬಿಟ್ಟು ದಿನ, ಬೆಳಿಗ್ಗೆ ಊಟದ ಜೊತೆ. ನಡುವೆ ಕಾಲು ನೋವೆಂದು ಮನೆಯಲ್ಲಿರುವ ನೋವಿನ ಮಾತ್ರೆ ಕೊಡಬೇಡಿ, ಎರಡೂ ಸೇರಿದರೆ ಹೊಟ್ಟೆ ಹುಣ್ಣಾಗಿ ರಕ್ತ ಹೋಗುತ್ತದೆ, ಮಲ ಕಪ್ಪಗಾದರೆ ಕೂಡಲೇ ಬನ್ನಿ ಎಂದರು. ಎಲ್ಲ ಕಜ್ಜಿಗೂ ಇದು ಮದ್ದಲ್ಲ, ಡೆಮೊಡೆಕ್ಸ್ ಹುಳುವಿನ ಕಜ್ಜಿ ಇದ್ದರಂತೂ ಸ್ಟೀರಾಯ್ಡಿನಿಂದ ಇನ್ನೂ ಉಲ್ಬಣಿಸುತ್ತದೆ ಎನ್ನುವುದನ್ನೂ ಸೇರಿಸಿದರು.

ನಮ್ಮೂರಿನವರಿಗೆ ಸ್ಟೀರಾಯ್ಡು ಅಪರಿಚಿತವೇನಲ್ಲ. ಗಬ್ಬದ ಹಸುವಿಗೆ ಡೆಕ್ಸಾಮೆಥಸೋನ್ ಚುಚ್ಚಿದರೆ ಕಂದು ಹಾಕೀತು ಎಂದು ಹಸು ಸಾಕಿದವರಿಗೆ ಗೊತ್ತು, ವೈದ್ಯರು ಸೂಜಿ ತೆಗೆದ ಕೂಡಲೇ 'ಗಬ್ಬ ಅದೆ ಸಾ' ಎಂದು ಎಚ್ಚರಿಸುತ್ತಾರೆ. 2020ರಲ್ಲಿ ಅದೇ ಡೆಕ್ಸಾಮೆಥಸೋನ್ ವೆಂಟಿಲೇಟರಿನ ಮೇಲಿದ್ದ ಕೋವಿಡ್ ರೋಗಿಗಳ ಸಾವನ್ನು ಸುಮಾರು ಮೂರನೇ ಒಂದು ಭಾಗ ತಗ್ಗಿಸುತ್ತದೆ ಎಂದು ಬ್ರಿಟನ್ನಿನ 'ರಿಕವರಿ' ಪ್ರಯೋಗ ತೋರಿಸಿತು. ಮರುವರ್ಷ ಎರಡನೇ ಅಲೆಯಲ್ಲಿ, ಸಕ್ಕರೆ ಕಾಯಿಲೆಯ ಜೊತೆ ಅಳತೆ ಮೀರಿದ ಸ್ಟೀರಾಯ್ಡೂ ಸೇರಿ ಬ್ಲ್ಯಾಕ್ ಫಂಗಸ್ ಎಷ್ಟೋ ಜನರ ಕಣ್ಣು ಕಿತ್ತುಕೊಂಡದ್ದನ್ನು ಕರ್ನಾಟಕ ನೋಡಿತು. ಹಸುವಿಗೆ ಇಟ್ಟುಕೊಂಡ ಎಚ್ಚರ ನಾಯಿಯ ವಿಷಯಕ್ಕೆ ಬಂದಾಗ ಇರಲಿಲ್ಲ, ಅಷ್ಟೇ. ಹಸು ಕಂದು ಹಾಕಿದರೆ ನಷ್ಟ ಆವತ್ತೇ ಕಾಣುತ್ತದೆ. ನಾಯಿಯಲ್ಲಿ ಅದೇ ಔಷಧ ಹಸಿವಾಗಿ, ಮೈ ತುಂಬಿಕೊಂಡಂತಾಗಿ ಬರುತ್ತದೆ, ನಾವು ದೃಷ್ಟಿ ತೆಗೆಯುತ್ತೇವೆ.

ಹಾಗೆಂದು ಮಾತ್ರೆಯನ್ನು ಬೈಯಲು ನನಗೆ ಮನಸ್ಸಿಲ್ಲ. ಉಣ್ಣೆಜ್ವರದಲ್ಲಿ ನಾಯಿಯ ಮೈ ತನ್ನ ರಕ್ತಕಣಗಳನ್ನು ತಾನೇ ನಾಶಮಾಡಿಕೊಳ್ಳುವಾಗ ಇದೇ ಪ್ರೆಡ್ನಿಸೊಲೋನನ್ನು, ತುರಿಕೆಗೆ ಕೊಡುವುದಕ್ಕಿಂತ ದೊಡ್ಡ ಪ್ರಮಾಣದಲ್ಲಿ ಕೊಟ್ಟು ಉಳಿಸುತ್ತಾರೆ. ಅಡ್ರಿನಲ್ ಕೆಟ್ಟ ನಾಯಿ ಬದುಕಿರುವಷ್ಟು ದಿನವೂ ಇದನ್ನು ತಿನ್ನಬೇಕು. ಟೈಗರನಿಗೂ ಮೊದಲ ಕೆಲವು ದಿನ ಇದು ಬೇಕೇ ಇತ್ತು. ಆಮೇಲೆ ಬೇಕಾಗಿದ್ದದ್ದು ಕೊಟ್ಟಿಗೆಯ ಸಂದಿಗೊಂದಿ ತೊಳೆಯುವುದು, ಚಿಗಟದ ಔಷಧವನ್ನು ಬಿಡದೆ ಹಾಕುವುದು. ಈಗ ಅದನ್ನು ಮಾಡುತ್ತಿದ್ದೇವೆ. ಹೊಟ್ಟೆ ಇಳಿದಿದೆ, ಕೂದಲು ನಿಧಾನಕ್ಕೆ ಬಂದಿದೆ. ತುರಿಕೆ ಆಗೀಗ ಇಣುಕುತ್ತದೆ, ಊಟ ಮೊದಲಿನಷ್ಟೇ. ಅವ್ವನಿಗೆ ಮಾತ್ರ ಅವನು ಸೊರಗಿಹೋಗಿದ್ದಾನೆ ಎಂಬ ಕೊರಗು ಹೋಗಿಲ್ಲ.

ನಿಮ್ಮ ಮನೆಯ ನಾಯಿಗೆ ಇಂಥ ಮಾತ್ರೆ ಬರೆದಿದ್ದರೆ ಶುರುಮಾಡಿದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತುಹಾಕಿ, ಮುಗಿಸುವ ತಾರೀಖನ್ನೂ ಕೇಳಿ ಬರೆದಿಡಿ. ಹಳೆಯ ಚೀಟಿಯನ್ನು ಮತ್ತೆ ಅಂಗಡಿಗೆ ಒಯ್ಯಬೇಡಿ. ನಿಲ್ಲಿಸುವುದಾದರೂ ವೈದ್ಯರನ್ನು ಕೇಳಿಯೇ ನಿಲ್ಲಿಸಿ. ನಾಯಿ ಚೆನ್ನಾಗಿ ಉಣ್ಣುತ್ತಿದೆ ಎಂದು ಅವರಿಗೆ ಹೇಳುವಾಗ, ಎಷ್ಟು ನೀರು ಕುಡಿಯುತ್ತಿದೆ ಎನ್ನುವುದನ್ನೂ ತಪ್ಪದೆ ಹೇಳಿ.