ಗಡಸು ವೈನಿಗೆ ಬದನೆಕಾಯಿ

ಸಿಸಿಲಿಯ ನೇರೊ ದಾವೊಲ ವೈನಿನ ಮಾತು ಬಂದರೆ ಸಾಕು, ಕೆಂಡದ ಮೇಲೆ ಸುಟ್ಟ ಕುರಿಮಾಂಸದ ಸಲಹೆಯೂ ಹಿಂದೆಯೇ ಬರುತ್ತದೆ. ಗಡಸು ವೈನಿಗೆ ಗಡಸು ಮಾಂಸ ಎಂಬ ಈ ಲೆಕ್ಕ ತಪ್ಪೆನ್ನಲಾರೆ, ಸೋಮಾರಿ ಲೆಕ್ಕ ಎಂದೇನು. ಈ ವೈನಿಗೆ ಎಣ್ಣೆಯಲ್ಲಿ ಕರಿದ ಬದನೆಕಾಯಿಯಷ್ಟು ಒಳ್ಳೆಯ ಸಂಗಾತಿ ಇನ್ನೊಂದಿಲ್ಲವೆಂಬುದು ನನ್ನ ವಾದ. ನೇರೊ ದಾವೊಲಕ್ಕೆ ಗಡಸೆಂಬ ಹೆಸರು ತಂದುಕೊಟ್ಟದ್ದು ಅಡುಗೆಮನೆಗಿಂತ ಹೆಚ್ಚಾಗಿ ವ್ಯಾಪಾರ. ದ್ವೀಪದ ಆಗ್ನೇಯ ಮೂಲೆಯ ಆವೊಲ, ನೊಟೊ, ಪಕಿನೊ ಊರುಗಳ ಬಿಸಿಲಿನಲ್ಲಿ, ಚಪ್ಪರವಿಲ್ಲದೆ ಕುಳ್ಳ ಪೊದೆಗಳಾಗಿ ಬೆಳೆಸುತ್ತ ಬಂದ ಈ ಕಪ್ಪು ದ್ರಾಕ್ಷಿಯಲ್ಲಿ ಬಣ್ಣವೂ ಹೇರಳ, ಸಕ್ಕರೆಯೂ ಹೇರಳ. ಸಕ್ಕರೆ ಏರಿದಷ್ಟೂ ಹುದುಗಿದಾಗ ಮದ್ಯಸಾರ ಏರುತ್ತದೆ. ಹಾಗಾಗಿ ಬಹುಕಾಲ ಇದು ಉತ್ತರ ಇಟಲಿಗೂ ಫ್ರಾನ್ಸಿಗೂ ಸಗಟಾಗಿ ಸಾಗಿ, ಅಲ್ಲಿನ ತೆಳು ವೈನುಗಳಿಗೆ ಬಣ್ಣ, ಕಸುವು ತುಂಬುವ ಬೆರಕೆಯಾಯಿತು. 19ನೇ ಶತಮಾನದ ಉತ್ತರಾರ್ಧದಲ್ಲಿ ಫಿಲಾಕ್ಸೆರಾ ಕೀಟ ಫ್ರಾನ್ಸಿನ ಬಳ್ಳಿಗಳ ಬೇರು ಕೊರೆದಾಗ ದಕ್ಷಿಣದ ಇಂಥ ವೈನುಗಳಿಗೆ ಬೇಡಿಕೆ ಇನ್ನೂ ಹೆಚ್ಚಿತು. ದೂಕಾ ದಿ ಸಾಲಪರೂತಾ ಸಂಸ್ಥೆ ಬರೀ ಈ ದ್ರಾಕ್ಷಿಯಿಂದ ‘ದೂಕಾ ಎನ್ರಿಕೊ’ ಮಾಡಿದ್ದು 1984ರ ಬೆಳೆಯಿಂದ. ಬೆರಕೆಗೆಂದೇ ಬೆಳೆಸಿದ್ದನ್ನು ನಾಲಿಗೆಗೆಂದು ಮಾಡತೊಡಗಿದ ಮೇಲೂ ಹಳೆಯ ಬಿರುದು ಮಾತ್ರ ಅಳಿಯಲಿಲ್ಲ.

ಬಣ್ಣ ನೋಡಿ ಬೆದರದೆ ಬಾಯಲ್ಲಿಟ್ಟರೆ ಮೊದಲು ಸಿಗುವುದು ಕಪ್ಪು ಚೆರಿ, ಪ್ಲಮ್ ಹಣ್ಣುಗಳ ರುಚಿ, ಬೆನ್ನಿಗೇ ಹುಳಿ. ಅಷ್ಟು ಬಿಸಿಲುಂಡೂ ಹುಳಿ ಬಿಟ್ಟುಕೊಡದಿರುವುದೇ ಈ ದ್ರಾಕ್ಷಿಯ ಹೆಚ್ಚುಗಾರಿಕೆ. ಒಗರು ಇದೆ, ಆದರೆ ಒರಟಲ್ಲ. ಈಗ ಸಿಸಿಲಿಯದೇ ಊರಾದ ಕತಾನಿಯಾದ ‘ಪಾಸ್ತಾ ಅಲ್ಲಾ ನೋರ್ಮಾ’ ನೋಡಿ: ಕರಿದ ಬದನೆ, ಟೊಮೆಟೊ, ತುಳಸಿಯ ಬಳಗದ ಬೇಸಿಲ್, ಮೇಲೆ ತುರಿದ ಉಪ್ಪು ರಿಕೊತ್ತಾ ಚೀಸ್. ಟೊಮೆಟೊ ಹುಳಿಯೆದುರು ಹುಳಿಯಿಲ್ಲದ ವೈನ್ ಸಪ್ಪೆಯಾಗುತ್ತದೆ, ಇದು ಆಗುವುದಿಲ್ಲ. ಬದನೆ ಹೀರಿಕೊಂಡ ಎಣ್ಣೆ, ಚೀಸಿನ ಜಿಡ್ಡು ಎರಡೂ ಒಗರನ್ನು ಪಳಗಿಸುತ್ತವೆ, ಉಪ್ಪು ಹಣ್ಣಿನ ರುಚಿಯನ್ನು ಎತ್ತಿ ಹಿಡಿಯುತ್ತದೆ. ಮಾಂಸದಿಂದ ನಿರೀಕ್ಷಿಸುವ ಕೆಲಸವನ್ನು ಬದನೆ ಸದ್ದಿಲ್ಲದೆ ಮಾಡಿ, ಹುಳಿಗೂ ಹುಳಿಗೂ ಸಂಧಾನ ಮಾಡಿಸುತ್ತದೆ.

ಒಂದೇ ನೆಲದ ಊಟಕ್ಕೆ ಒಂದೇ ನೆಲದ ವೈನ್ ಎಂಬ ಭಾವುಕತೆ ಇದು ಎಂದು ಯಾರಾದರೂ ಆಕ್ಷೇಪಿಸಬಹುದು. ಬದನೆಯನ್ನು ಸಿಸಿಲಿಗೆ ತಂದವರು ಅರಬರು, ಟೊಮೆಟೊ ಬಂದದ್ದು ಅಮೆರಿಕದಿಂದ. ವೈನೋ, ಊರವರು ಉಂಡದ್ದಕ್ಕಿಂತ ಹಡಗು ಹತ್ತಿದ್ದೇ ಹೆಚ್ಚೇನೋ. ಎಲ್ಲ ಒಪ್ಪಿದೆ. ನನ್ನ ವಾದ ನಿಂತಿರುವುದು ವಂಶಾವಳಿಯ ಮೇಲಲ್ಲ, ಹುಳಿ-ಒಗರು-ಜಿಡ್ಡಿನ ಮೇಲೆ. ಇದಕ್ಕಿಂತ ತೂಕದ ಆಕ್ಷೇಪ ‘ಕಪೊನಾತಾ’ದ್ದು. ಬದನೆ, ಸೆಲರಿ, ಆಲಿವ್, ಕೇಪರ್ ಬೆರೆಸಿದ ಆ ಪಲ್ಯದಲ್ಲಿ ವಿನೆಗರ್ ಇದೆ. ವಿನೆಗರ್ ವೈನಿನ ಹಗೆ. ಅದೇ ಬಾಣಲೆಗೆ ಸಕ್ಕರೆಯೂ ಬೀಳುವುದರಿಂದ, ಕುದಿದು ಸಿಹಿಹುಳಿಯಾದ ಮೇಲೆ ಮೊನಚು ಉಳಿಯುವುದಿಲ್ಲ. ಆದರೂ ಓಕ್ ಪೀಪಾಯಿಯಲ್ಲಿ ಬಹುಕಾಲ ಇಟ್ಟ ದುಬಾರಿ ಬಾಟಲಿಯನ್ನು ಇದಕ್ಕೆ ತೆರೆಯುವುದು ದಂಡ. ಓಕಿನ ಒಗರು ಕೇಪರಿನ ಉಪ್ಪುಹುಳಿಯೊಂದಿಗೆ ಜಗಳಕ್ಕೆ ನಿಲ್ಲುತ್ತದೆ. ಅಂಥ ಬಾಟಲಿಯನ್ನು ಕುರಿಮಾಂಸದವರಿಗೇ ಬಿಟ್ಟುಕೊಡುತ್ತೇನೆ.

ಬದನೆಯೇ ಸರಿಯಾದರೆ ನಮ್ಮ ಎಣ್ಣೆಗಾಯಿಗೂ ಸರಿಯೇ ಎಂದು ಕನ್ನಡದ ಓದುಗರು ಕೇಳದೆ ಇರಲಾರರು. ಶೇಂಗಾ, ಎಳ್ಳು, ಎಣ್ಣೆ ಎಲ್ಲವೂ ವೈನಿನ ಪರವಾಗಿಯೇ ಇವೆ, ಖಾರವೊಂದನ್ನು ಬಿಟ್ಟು. ಶೇಕಡ 14ರ ಸುಮಾರಿನ ಮದ್ಯಸಾರ ಮೆಣಸಿನಕಾಯಿಯ ಉರಿಯನ್ನು ಇನ್ನಷ್ಟು ಕೆರಳಿಸುತ್ತದೆ. ಉತ್ತರ ಕರ್ನಾಟಕದ ಖಾರದ ಎಣ್ಣೆಗಾಯಿಗಾದರೆ ಹಗುರವಾದ ಫ್ರಪ್ಪಾತೊ ದ್ರಾಕ್ಷಿ ಬೆರೆಸಿದ ‘ಚೆರಸುವೊಲೊ ದಿ ವಿತ್ತೋರಿಯಾ’ವನ್ನು ತುಸು ತಣ್ಣಗೆ ಮಾಡಿ ಕೊಡುವುದು ಮೇಲು. ಅದರಲ್ಲೂ ಅರ್ಧಕ್ಕಿಂತ ಕಡಿಮೆಯಿಲ್ಲದಂತೆ ಇರುವುದು ನೇರೊ ದಾವೊಲವೇ.