ಉಳಿದ ನೀರು, ನಿಂತ ಕೂಲಿ

ನೀರನ್ನು ಪೋಲು ಮಾಡಬಾರದು ಎಂಬ ವಿಷಯದಲ್ಲಿ ನಮ್ಮ ಮನೆಗಳಲ್ಲಿ ಭಿನ್ನಾಭಿಪ್ರಾಯವಿಲ್ಲ. ವುಝೂ ಮಾಡುವಾಗಲೂ ನಲ್ಲಿಯನ್ನು ಸುಮ್ಮನೆ ಹರಿಯಬಿಡಬಾರದೆಂದು ಹಿರಿಯರಿಂದ ಕೇಳುತ್ತಲೇ ಬೆಳೆದವರು ನಾವು. ಆದರೆ ಒಂದು ನಗರವು ನೀರನ್ನು ಉಳಿಸಲು ಹೊರಟಾಗ ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಬೆಂಗಳೂರಿನ ವಸತಿ ಸಮುಚ್ಚಯಗಳ ಉದ್ಯಾನಗಳಿಗೆ ಡ್ರಿಪ್ ಪೈಪು, ಸ್ಪ್ರಿಂಕ್ಲರ್ ಜೋಡಿಸುವ ಕೆಲಸದಿಂದ ಬದುಕುವ ಕುಟುಂಬ ನಮ್ಮದು. ಆದ್ದರಿಂದ ಈ ಪ್ರಶ್ನೆಯನ್ನು ನಾವು ಎದುರಿಸಲೇಬೇಕಾಯಿತು.

2023ರ ಮುಂಗಾರು ಕೈಕೊಟ್ಟಿತು. ರಾಜ್ಯದ 236 ತಾಲೂಕುಗಳ ಪೈಕಿ 223 ಬರಪೀಡಿತವೆಂದು ಘೋಷಿಸಲ್ಪಟ್ಟವು. ಬೆಂಗಳೂರಿನ ಕೊಳವೆಬಾವಿಗಳು ಬತ್ತಿದವು. 2024ರ ಮಾರ್ಚ್‌ನಲ್ಲಿ ಕುಡಿಯುವ ನೀರನ್ನು ಕೈತೋಟ, ವಾಹನ ತೊಳೆಯುವಿಕೆ, ಕಟ್ಟಡ ಕಾಮಗಾರಿ, ಕಾರಂಜಿಗಳಿಗೆ ಬಳಸಬಾರದೆಂಬ ಆದೇಶ ಹೊರಬಿತ್ತು. ಉಲ್ಲಂಘಿಸಿದವರಿಗೆ 5,000 ರೂಪಾಯಿ ದಂಡ. ಮತ್ತೆ ಉಲ್ಲಂಘಿಸಿದರೆ ದಿನಕ್ಕೆ 500 ರೂಪಾಯಿ ಹೆಚ್ಚುವರಿ. ಈ ನಿಷೇಧವನ್ನು ನಾವು ತಪ್ಪೆನ್ನಲಾರೆವು. ಬಿಂದಿಗೆ ಹಿಡಿದು ಟ್ಯಾಂಕರಿಗಾಗಿ ಕಾಯುವ ತಾಯಂದಿರಿರುವ ನಗರದಲ್ಲಿ ಹುಲ್ಲುಹಾಸಿಗೆ ಕಾವೇರಿ ನೀರು ಹಾಯಿಸುವುದು ನ್ಯಾಯವಲ್ಲ.

ಆದರೆ ನಮ್ಮ ಕಸುಬಿನ ಲೆಕ್ಕ ಬೇರೆ. ಫೆಬ್ರವರಿಯಿಂದ ಮೇ ತಿಂಗಳವರೆಗಿನ ದುಡಿಮೆಯಲ್ಲೇ ನಾವು ಮಳೆಗಾಲವನ್ನು ಕಳೆಯಬೇಕು. ಮಳೆ ಬಿದ್ದ ಮೇಲೆ ಡ್ರಿಪ್‌ನ ನೆನಪು ಯಾರಿಗೂ ಇರುವುದಿಲ್ಲ. ನಿಷೇಧ ಬಂದದ್ದು ಆ ನಾಲ್ಕು ತಿಂಗಳ ನಡುವೆ. ಕೆಲವೇ ದಿನಗಳಲ್ಲಿ ರಮಝಾನ್ ಕೂಡ ಆರಂಭವಾಯಿತು. ಹೊಸ ಕೆಲಸಗಳು ರದ್ದಾದವು. ವಾರ್ಷಿಕ ನಿರ್ವಹಣೆಯ ಒಪ್ಪಂದಗಳು ನಿಂತವು. ಒಂದು ವಸತಿ ಸಮುಚ್ಚಯದವರಂತೂ ಅದಾಗಲೇ ಮುಗಿಸಿಕೊಟ್ಟಿದ್ದ ಕೆಲಸದ ಹಣವನ್ನೂ ತಡೆಹಿಡಿದು, "ಈಗ ಅದು ಉಪಯೋಗಕ್ಕೆ ಬರುತ್ತಿಲ್ಲವಲ್ಲ" ಎಂದರು. ಈದ್‌ಗೆ ಮಕ್ಕಳ ಬಟ್ಟೆಯನ್ನು ಸಾಲದಲ್ಲಿ ತಂದೆವು.

ನಮಗಿಂತ ಕಷ್ಟ ನಮ್ಮೊಂದಿಗೆ ದುಡಿಯುತ್ತಿದ್ದ ಸಹಾಯಕರದು. ಅವರಲ್ಲಿ ಕೆಲವರು ರಾಯಚೂರು, ಯಾದಗಿರಿ ಕಡೆಯಿಂದ ಬಂದವರು. ಊರಿನಲ್ಲಿ ಬರದಿಂದ ಹೊಲದ ಕೆಲಸ ನಿಂತಿತೆಂದು ನಗರಕ್ಕೆ ಬಂದರು. ಅದೇ ಬರ ನಗರದಲ್ಲಿಯೂ ಅವರ ಕೆಲಸವನ್ನು ನಿಲ್ಲಿಸಿತು. ಪೈಪು ಹಿಡಿದು ಗಿಡಗಳಿಗೆ ನೀರುಣಿಸುವುದೊಂದೇ ಕೆಲಸವಾಗಿದ್ದ ಮಾಲಿಗಳನ್ನು ಹಲವೆಡೆ "ಮಳೆ ಬಂದ ಮೇಲೆ ಬಾ" ಎಂದು ಕಳುಹಿಸಿದರು.

ನೀರು ಹಾಯಿಸುವ ಶ್ರಮಕ್ಕೆ ಬೆಲೆಯಿದೆಯೆಂಬುದು ನಮಗೆ ಹೊಸ ಮಾತಲ್ಲ. ಮಳೆಯಿಂದಲೇ ಬೆಳೆದ ಫಸಲಿನ ಝಕಾತ್ ಹತ್ತರಲ್ಲೊಂದು ಪಾಲು. ಶ್ರಮಪಟ್ಟು ನೀರೆತ್ತಿ ಬೆಳೆದ ಫಸಲಿನದು ಇಪ್ಪತ್ತರಲ್ಲೊಂದು ಪಾಲು ಮಾತ್ರ. ನೀರುಣಿಸುವವನ ದುಡಿಮೆಯನ್ನು ಕರ್ಮಶಾಸ್ತ್ರವೇ ಲೆಕ್ಕಕ್ಕೆ ತೆಗೆದುಕೊಂಡಿರುವಾಗ ನಾವು ಅದನ್ನು ಮರೆಯುವುದು ತರವೇ?

ನಿಷೇಧದೊಳಗೆಯೇ ದಾರಿಗಳಿವೆ. ಆದೇಶವು ತಡೆದದ್ದು ಕುಡಿಯುವ ನೀರನ್ನು, ಸಂಸ್ಕರಿಸಿದ ತ್ಯಾಜ್ಯನೀರನ್ನಲ್ಲ. ದೊಡ್ಡ ಸಮುಚ್ಚಯಗಳಲ್ಲಿ ಸಂಸ್ಕರಣಾ ಘಟಕಗಳಿವೆ. ಆ ನೀರಿನಲ್ಲಿರುವ ಸೂಕ್ಷ್ಮ ಕಣಗಳು ಹನಿ ಬೀಳುವ ರಂಧ್ರಗಳನ್ನು ಕಟ್ಟಿಸುತ್ತವೆ. ಸರಿಯಾದ ಫಿಲ್ಟರ್ ಕೂರಿಸಿ, ಪೈಪುಗಳ ತುದಿ ಬಿಚ್ಚಿ ಆಗಾಗ ತೊಳೆಯುತ್ತಿದ್ದರೆ ತೋಟವೂ ಉಳಿಯುತ್ತದೆ, ಕೆಲಸಗಾರನೂ ಉಳಿಯುತ್ತಾನೆ. ಆ ಬೇಸಿಗೆಯ ಕೊನೆಯಲ್ಲಿ ನಮ್ಮ ಕೈಹಿಡಿದದ್ದು ಇಂಥ ಮೂರು ಕೆಲಸಗಳು, ಜೊತೆಗೆ ನಲ್ಲಿಗಳಿಗೆ ನೀರಿನ ಹರಿವು ತಗ್ಗಿಸುವ ಏರಿಯೇಟರ್ ಅಳವಡಿಸುವ ಕೆಲಸ. ಇಂಗ್ಲೆಂಡಿನಲ್ಲಿ ಪೈಪಿನಿಂದ ನೀರು ಹಾಯಿಸುವುದನ್ನು ನಿಷೇಧಿಸಿದಾಗಲೂ, ಟೈಮರ್ ಮತ್ತು ಒತ್ತಡ ತಗ್ಗಿಸುವ ವಾಲ್ವ್ ಇರುವ ಹನಿ ನೀರಾವರಿಗೆ ಹಲವು ಕಂಪನಿಗಳು ವಿನಾಯಿತಿ ನೀಡುತ್ತವೆ. ನೀರು ಸುರಿಯುವವನನ್ನೂ ಹನಿಯಾಗಿ ಉಣಿಸುವವನನ್ನೂ ಬೇರ್ಪಡಿಸಿ ನೋಡುವ ಇಂಥ ವಿವೇಚನೆ ನಮ್ಮಲ್ಲಿಯೂ ಬೆಳೆಯಬೇಕು.

2025ರ ಫೆಬ್ರವರಿಯಲ್ಲಿ ಅಂಥದೇ ಆದೇಶ, ಅಷ್ಟೇ ದಂಡದೊಂದಿಗೆ ಮತ್ತೆ ಬಂದಿತು. ಮುಂದೆಯೂ ಬರಬಹುದು. ಆದ್ದರಿಂದ ಮನೆ, ಮಸೀದಿ, ಮದ್ರಸಗಳ ಹೊಣೆ ಹೊತ್ತವರಲ್ಲಿ ನಮ್ಮದೊಂದು ವಿನಂತಿಯಿದೆ. ನಿಷೇಧವನ್ನು ಪೂರ್ಣವಾಗಿ ಪಾಲಿಸಿರಿ. ಆದರೆ ಮುಗಿದ ಕೆಲಸದ ಕೂಲಿಯನ್ನು ನಿಷೇಧದ ನೆಪದಲ್ಲಿ ತಡೆಯಬೇಡಿರಿ. ಮಾಲಿಯನ್ನು ಮನೆಗೆ ಕಳುಹಿಸುವ ಮುನ್ನ ಗಿಡಗಳ ಬುಡಕ್ಕೆ ಒಣ ಎಲೆ ಹೊದಿಸುವ, ಇಂಗುಗುಂಡಿ ತೋಡುವ, ಮಳೆನೀರಿನ ಪೈಪುಗಳನ್ನು ಸರಿಪಡಿಸುವ ಕೆಲಸ ಕೊಡಿರಿ. ವುಝೂವಿನ ನೀರು ತೋಟ ಸೇರುವಂತೆ ಒಂದು ಪೈಪು ಹಾಕಿಸಿರಿ. ನೀರನ್ನು ಉಳಿಸುವ ಹೊಣೆ ಎಲ್ಲರದಾಗಿರುವಾಗ, ಅದರ ಭಾರ ದಿನಗೂಲಿಯವನೊಬ್ಬನ ಹೆಗಲ ಮೇಲೆ ಮಾತ್ರ ಬೀಳಬಾರದು.